ಕರಿಮಡ್ಡಿಯ ಫಕೀರವ್ವನ ಉಸಿರು

ಬಲು ಹಿಂದೆ, ಈಗಿನ ಮುದುಕರ ಅಜ್ಜಿಯರು ಇನ್ನೂ ಪರಕಾರ ಉಟ್ಟು ಓಡಾಡುತ್ತಿದ್ದ ಕಾಲದಲ್ಲಿ, ಕರಿಮಡ್ಡಿ ಅನ್ನುವ ಒಂದು ಊರಿತ್ತು. ಆ ಊರಲ್ಲಿ ಫಕೀರವ್ವ ಅನ್ನುವ ಹುಡುಗಿ ಇದ್ದಳು. ಅವಳಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಊರಿಗೆ ಬೇನೆ ಬಂದ ವರ್ಷ ಅಪ್ಪ ಅವ್ವ ಇಬ್ಬರೂ ಹೋಗಿದ್ದರು. ಒಂದು ದಿನ ಈ ಮನೆ, ಒಂದು ದಿನ ಆ ಮನೆ, ಹೀಗೆ ಉಂಡು ಬೆಳೆದಳಂತೆ. ಉಣ್ಣಲು ಎಲ್ಲರೂ ಕರೆಯುತ್ತಿದ್ದರು. ಇಲ್ಲೇ ಇರು ಅಂತ ಯಾರೂ ಅನ್ನುತ್ತಿರಲಿಲ್ಲ.

ಅವಳದು ಅಂತ ಇದ್ದದ್ದು ಉಸಿರೊಂದೇ. ಕಬಡ್ಡಿ ಕಬಡ್ಡಿ ಅನ್ನುತ್ತ ಊರಬಾಗಿಲ ಅಗಸಿಯಿಂದ ಓಡಿದರೆ, ಹನುಮಪ್ಪನ ಗುಡಿ ಮುಟ್ಟಿ ತಿರುಗಿ ಅಗಸಿಗೆ ಬರುವ ತನಕ ನಡುವೆ ಉಸಿರು ಎಳೆಯುತ್ತಿರಲಿಲ್ಲವಂತೆ. ಈಗ ಹೇಳುವವರು ಅದನ್ನು ಮೂರು ಹರದಾರಿ ಆಚೆಯ ಊರಿನ ತನಕ ಒಯ್ದಿದ್ದಾರೆ. ಅದು ಸುಳ್ಳು. ಗುಡಿಯ ತನಕ, ಅಷ್ಟೇ.

ಕರಿಮಡ್ಡಿಯ ಆಟಕ್ಕೆ ತೀರ್ಪು ಹೇಳುವ ಪಂಚರು ಇರಲಿಲ್ಲ. ಎದುರಿನವರ ಅಂಕಣಕ್ಕೆ ಹೋಗಿ ಬಂದವಳು ನಡುಗೆರೆಯ ಮೇಲೆ ನಿಂತು ತಾನೇ ಹೇಳಬೇಕು: ಉಸಿರು ಇತ್ತೋ, ನಡುವೆ ಹೋಯಿತೋ. ಹೋಯಿತು ಅಂದರೆ ಅವಳು ಸತ್ತಂತೆ, ಹೊರಗೆ ಕೂರಬೇಕು. ತನ್ನವರು ಎದುರಿನವಳೊಬ್ಬಳನ್ನು ಔಟ್ ಮಾಡಿದಾಗ ಅವಳಿಗೆ ಮತ್ತೆ ಜೀವ ಬಂದಂತೆ, ಒಳಗೆ ಬರಬಹುದು. ಉಸಿರಿನ ಮಾತು ಎಳೆದವಳಿಗಲ್ಲದೆ ಇನ್ನಾರಿಗೆ ಗೊತ್ತು, ಅನ್ನುವುದು ಆ ಊರಿನವರ ನ್ಯಾಯ.

ಅವಳ ಉಸಿರಿನ ಸುದ್ದಿ ಊರೂರು ದಾಟಿ, ಇಡೀ ದೇಶದ ಹೆಣ್ಣುಮಕ್ಕಳ ತಂಡ ಕಟ್ಟುವವರ ಕಿವಿಗೆ ಬಿತ್ತು. ಅವಳನ್ನೂ ಕರೆದು ಸೇರಿಸಿಕೊಂಡರು. ತಂಡದಲ್ಲಿ ಏಳು ಜನ, ಏಳು ಸೀಮೆಯವರು. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ನಾಯಕಿ ಗೋದಾತಾಯಿ ಮಾತ್ರ ಗಡಿಸೀಮೆಯವಳು, ಕನ್ನಡ ಬಲ್ಲವಳು. “ಏನ ಫಕೀರಿ, ಇಷ್ಟುದ್ದ ಉಸಿರು ಹಿಡೀತಿ, ನಿಮ್ಮೂರಾಗ ಗಾಳಿಗೂ ಬರ ಏನ?” ಅಂತ ಮೊದಲ ದಿನವೇ ಚಾಷ್ಟಿ ಮಾಡಿದಳಂತೆ. ಏಳೂ ಜನ ಒಂದೇ ಪರಾತದಲ್ಲಿ ಉಂಡರು, ಒಂದೇ ಜಮಖಾನೆಯ ಮೇಲೆ ಮಲಗಿದರು, ಒಬ್ಬರ ತಲೆ ಒಬ್ಬರು ಬಾಚಿದರು. ಅವ್ವ ಹೋದ ಮೇಲೆ ಫಕೀರವ್ವನ ತಲೆಗೆ ಇನ್ನೊಬ್ಬರ ಕೈ ತಾಗಿದ್ದು ಅದೇ ಮೊದಲು. ಇನ್ನು ಇದೇ ನನ್ನ ಮನೆ ಅಂದುಕೊಂಡಳು.

ಹಡಗು ಹತ್ತಿ ಪರದೇಶಕ್ಕೆ ಹೋದರು. ಕಡೆಯ ಪಂದ್ಯ. ಎರಡೂ ಕಡೆ ಸಮ ಸಮ. ಉಳಿದದ್ದು ಒಂದೇ ಸರದಿ, ಅದು ಫಕೀರವ್ವನದು. ಗೆರೆ ದಾಟಿದಳು. ಒಬ್ಬಳ ಭುಜ ಮುಟ್ಟಿದಳು. ನಾಲ್ವರು ಮೇಲೆ ಬಿದ್ದರು. ನಾಲ್ವರನ್ನೂ ಎಳೆದುಕೊಂಡೇ ತೆವಳಿದಳಂತೆ. ಬೆರಳ ತುದಿ ಗೆರೆಗೆ ತಾಗಿತು, ಪಂಚ ಸೀಟಿ ಊದಿದ. ಗೆದ್ದೆವು ಅಂತ ಆರೂ ಜನ ಅವಳನ್ನು ತಬ್ಬಿಕೊಂಡು ಅತ್ತರು.

ಆದರೆ ಆ ನಾಲ್ವರ ಕೆಳಗೆ, ಯಾರಿಗೂ ಕಾಣದ ಹಾಗೆ, ಅವಳ ಬಾಯಿ ಒಮ್ಮೆ ನಿಂತಿತ್ತು. ಒಂದು ಗುಟುಕು ಗಾಳಿ ಒಳಗೆ ಹೋಗಿತ್ತು.

ಫಕೀರವ್ವ ಎದ್ದು ನಡುಗೆರೆಯ ಮೇಲೆ ನಿಂತಳು. ಎದೆಯ ಮೇಲೆ ಕೈ ಇಟ್ಟು, ಉಸಿರು ಹೋಗಿತ್ತು ಅಂದಳು. ಪಂಚನಿಗೆ ಕನ್ನಡ ತಿಳಿಯದು. ಎದೆನೋವು ಅಂದುಕೊಂಡು ನೀರು ತರಿಸಿದ. ಇನ್ನೊಮ್ಮೆ ಅಂದಳು. ಮತ್ತೆ ನೀರು ಬಂತು. ತಿಳಿದದ್ದು ಗೋದಾತಾಯಿಗೆ ಮಾತ್ರ. ಅವಳು ಬಂದು ರಟ್ಟೆ ಹಿಡಿದಳು.

“ಸುಮ್ಮನ ನೀರ ಕುಡಿ, ಫಕೀರಿ. ಯಾರೂ ಕೇಳಿಲ್ಲ.”

“ನಾ ಕೇಳೀನಲ್ಲಕ್ಕಾ.”

“ಹಂಗಾರ ನಮ್ಮ ಆರು ಮಂದೀ ಮಾರಿ ನೋಡಿ ಹೇಳು.”

ಫಕೀರವ್ವ ನೋಡಿದಳು. ಒಬ್ಬೊಬ್ಬರ ಮುಖವನ್ನೂ ನೋಡಿದಳು. ಬಹಳ ಹೊತ್ತು ನೋಡಿದಳಂತೆ. ಆಮೇಲೆ ಎದುರು ತಂಡದ ನಾಯಕಿಯ ಮುಂದೆ ಹೋಗಿ, ಕಬಡ್ಡಿ ಕಬಡ್ಡಿ ಅಂದು, ನಡುವೆ ನಿಲ್ಲಿಸಿ, ಗಾಳಿ ಎಳೆದು ತೋರಿಸಿದಳು. ಅದು ಯಾವ ದೇಶದವರಿಗಾದರೂ ತಿಳಿಯುತ್ತದೆ. ಗೆಲುವು ಆಚೆಯವರ ಪಾಲಾಯಿತು.

ತಿರುಗಿ ಬರುವಾಗ ಹಡಗಿನಲ್ಲಿ ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಅಂತಾರೆ. ಅವಳ ಊಟವನ್ನು ಬೇರೆ ತಟ್ಟೆಯಲ್ಲಿ ಇಟ್ಟರು, ಅಷ್ಟೇ.

ಡೊಳ್ಳು ತಂದು ಅಗಸಿಯಲ್ಲಿ ನಿಂತಿದ್ದ ಊರವರು ಸುದ್ದಿ ಕೇಳಿ ಮನೆಗೆ ಹೋದರು. “ಖರೇ ಹೇಳ್ಯಾಳ ಬಿಡ್ರಿ, ತಪ್ಪೇನೈತಿ?” ಅಂದರು. ಅಂದವರು ಯಾರೂ ಅವಳ ಹತ್ತಿರ ಬರಲಿಲ್ಲ.

ಫಕೀರವ್ವ ಮತ್ತೆ ಆಡಲಿಲ್ಲ. ಮುದುಕಿಯಾಗುವ ತನಕ ದಿನಾ ಸಂಜೆ ಆಟದ ಬಯಲಿನ ಹೊರಗೆ, ಔಟಾದವರು ಕೂರುವ ಬದುವಿನ ಮೇಲೆ ಹೋಗಿ ಕೂರುತ್ತಿದ್ದಳಂತೆ. ಔಟಾದ ಹುಡುಗಿ ಬಂದು ಅವಳ ಪಕ್ಕ ಎರಡು ಗಳಿಗೆ ಕೂರುತ್ತಿದ್ದಳು. ಜೀವ ಬಂತು ಅಂತ ಕೂಗಿದೊಡನೆ ದಡಕ್ಕನೆ ಎದ್ದು ಓಡುತ್ತಿದ್ದಳು. ಫಕೀರವ್ವ ಅಲ್ಲೇ ಇರುತ್ತಿದ್ದಳು. ಒಂದು ಸಂಜೆ ಹಾಗೆ ಕೂತವಳು ಏಳಲೇ ಇಲ್ಲ.

ಇವತ್ತಿಗೂ ಕರಿಮಡ್ಡಿಯಲ್ಲಿ ಔಟಾದ ಹುಡುಗಿ ಆ ಬದುವಿನ ಮೇಲೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂರುತ್ತಾಳೆ. ಜೀವ ಬಂದಾಗ, ಆಟ ಎಷ್ಟೇ ಬಿರುಸಾಗಿರಲಿ, ಆ ಜಾಗದ ಕಡೆ ತಿರುಗಿ “ಬರ್ತೇನಬೇ ಯವ್ವಾ” ಅಂತ ಹೇಳಿಯೇ ಒಳಗೆ ಹೋಗುತ್ತಾಳೆ. ಹೇಳದೆ ಬಂದವಳನ್ನು ಎದುರಿನವರು ಆಟ ನಿಲ್ಲಿಸಿ ತಿರುಗಿ ಕಳಿಸುತ್ತಾರೆ.