ಏಳನೆಯ ತಿರುವಿನಲ್ಲಿ ಕಾಲು ತೆಗೆದವರು

ಸ್ವಲ್ಪ ಈಚೆ ಸರಿದು ಕೂತ್ಕೊಳ್ಳಿ. ಆ ಬಾಗಿಲು ಮುಂದೆ ಮಾಡಿ. ಇದನ್ನು ಕೇಳಿ ಇಲ್ಲೇ ನುಂಗಿಬಿಡಬೇಕು, ಹೆತ್ತ ತಾಯಿ ಕೇಳಿದರೂ ಬಾಯಿ ಬಿಡಬಾರದು. ಚಾಮುಂಡಿ ಆಣೆ.

ಕಪಿಲೆಯ ದಂಡೆಯಲ್ಲಿ ಒಂದು ಮನೆ, ಹಿತ್ತಿಲಲ್ಲಿ ತಗಡಿನ ಶೆಡ್ಡು. ಅದೇ ಗುರುಕುಲ. ಗುರು ವೀರಾಚಾರಿ, ಕಾರು ರಿಪೇರಿಯವನು. ಮೂರು ಕೇಳಿದರೆ ಒಂದಕ್ಕೆ ಉತ್ತರ. ಶಿಷ್ಯೆ ತುಳಸಿ, ಪಕ್ಕದ ಮನೆ ಹುಡುಗಿ.

ಶೆಡ್ಡಿನಲ್ಲಿ ದೇವರ ಹಾಗೆ ಒಂದು ಪುಟ್ಟ ಕಾರು. ಫ್ರಾನ್ಸ್ ದೇಶದ್ದು. ಗಿರಣಿಗೆ ಮಿಷನ್ನು ಕೂರಿಸಲು ಬಂದಿದ್ದ ಸಾಹೇಬನೊಬ್ಬ ಹೋಗುವಾಗ ಆಚಾರಿಗೆ ಬಿಟ್ಟು ಹೋದದ್ದು. ಹಿಂದೆ ಡಿಕ್ಕಿಯೂ ಇಲ್ಲ, ಬಾಲ ಬಿದ್ದ ಹಲ್ಲಿ. ಎಂಜಿನ್ನು ಮಾತ್ರ ಮೈಗೆ ಮೀರಿದ್ದು.

ಆಚಾರಿಯ ಮಗ ಮೌನೇಶನಿಗೂ ತುಳಸಿಗೂ ಆ ಕಾರಿನದೇ ಹುಚ್ಚು. ಕೇರಿಯವರು ಆ ಹುಚ್ಚಿಗೆ ಬೇರೆ ಹೆಸರು ಇಟ್ಟಿದ್ದರು, ಅದು ಬಿಡಿ.

ಮೊದಲ ದಿನ ತುಳಸಿ ಕೇಳಿದಳು, "ಆಚಾರ್ರೇ, ಇದಕ್ಕಿಂತ ದೊಡ್ಡ ಕಾರು ಎಷ್ಟೋ ಇದ್ದಾವೆ. ಇದರಲ್ಲಿ ಅಂಥದ್ದೇನಿದೆ?"

ಆಚಾರಿ ಅವಳನ್ನು ಕೂರಿಸಿಕೊಂಡು ಬೆಟ್ಟ ಹತ್ತಿಸಿದ. ತಿರುವು ತಿರುವಿಗೂ ಕಾರು ಮೂಗು ತೂರಿಸಿ, ಹಿಂದಿನ ಒಂದು ಚಕ್ರವನ್ನು ನೆಲದಿಂದ ಎತ್ತಿಬಿಡುತ್ತಿತ್ತು.

"ಅಯ್ಯಯ್ಯೋ, ಮೂರೇ ಚಕ್ರದಲ್ಲಿ ಹೋಗ್ತಿದೆ! ಕಂಬ ಕಂಡ ನಾಯಿ ಹಂಗೆ!"

ಆಚಾರಿ ನಗಲಿಲ್ಲ. ಬೆಟ್ಟದ ತುದಿಯಲ್ಲಿ ಇಳಿದು ಅವಳನ್ನು ಸ್ಟೇರಿಂಗ್ ಮುಂದೆ ಕೂರಿಸಿದ. ಕೆಳಗೆ ಬಂದ ಮೇಲೆ, "ಏನು ಗೊತ್ತಾಯ್ತು?" ಅಂದ.

"ರಸ್ತೆ ಮೇಲಿನ ಕಲ್ಲು ಕಲ್ಲೂ ಅಂಗೈಗೆ ಗೊತ್ತಾಗುತ್ತೆ ಆಚಾರ್ರೇ. ನಾನು ತಿರುಗಿಸೋಣ ಅನ್ಕೊಳ್ಳೋ ಹೊತ್ತಿಗೆ ಅದು ತಿರುಗಿರುತ್ತೆ. ಇಳಿಯೋಕೇ ಮನಸ್ಸಿಲ್ಲ."

"ಹೂಂ."

ಆಚಾರಿ ಹೂಂ ಅಂದರೆ ಬೇರೆಯವರು ಶಾಲು ಹೊದಿಸಿದ ಹಾಗೆ.

"ಒಂದು ಮಾತು ಕೇಳಿಸ್ಕೋ," ಅಂದ. "ತಿರುವಿಗೆ ಮುಂಚೆ ಎಷ್ಟು ಬೇಕಾದ್ರೂ ಹೆದರ್ಕೋ. ತಿರುವಿನ ಒಳಗೆ ಹೆದರಿ ಎಕ್ಸಲೇಟರಿಂದ ಕಾಲು ತೆಗೆದ್ಯೋ, ಹಿಂಭಾಗ ಹಗುರಾಗಿ, ಜಾರಿ ಮುಂದಕ್ಕೆ ಬಂದುಬಿಡುತ್ತೆ."

"ಅದು ಕಾರಿನ ಕೆಟ್ಟ ಗುಣ ಅಲ್ವಾ?"

"ಆ ಗುಣ ಇರೋದಕ್ಕೇ ಅದು ಹಂಗೆ ತಿರುಗೋದು. ನಿನಗೆ ಅರ್ಧ ಕಾರು ಬೇಕಾ?"

ವರ್ಷ ಕಳೆಯಿತು. ಬೆಟ್ಟದ ರೇಸು ಹತ್ತಿರ ಬಂತು. ಮಗನೋ ಶಿಷ್ಯೆಯೋ, ಯಾರು ಓಡಿಸಬೇಕು ಅಂತ ಆಚಾರಿ ಬಾಯಿ ಬಿಟ್ಟಿರಲಿಲ್ಲ. ಒಂದು ಬೆಳಗ್ಗೆ ಇಬ್ಬರೂ ಕಾರು ತೆಗೆದುಕೊಂಡು ಬೆಟ್ಟಕ್ಕೆ ಹೋದರು.

ಏಳನೆಯ ತಿರುವಿನಲ್ಲಿ ಕಾರು ಬುಗುರಿಯ ಹಾಗೆ ಸುತ್ತಿ ಬಂಡೆಗೆ ಬಡಿಯಿತು. ಬಾಗಿಲು ಕಿತ್ತು ಇಬ್ಬರೂ ಆಚೆ ಬಿದ್ದರು. ತುಳಸಿಯ ತೋಳು ಮುರಿಯಿತು. ಮೌನೇಶನ ಮೈಯಲ್ಲಿ ಮುರಿಯದೆ ಉಳಿದದ್ದು ಏನೂ ಇರಲಿಲ್ಲ.

"ಯಾರಮ್ಮ ಓಡಿಸ್ತಿದ್ದದ್ದು?" ಪೊಲೀಸಿನವರು ಕೇಳಿದರು.

ಓಡಿಸುತ್ತಿದ್ದವಳು ತುಳಸಿ. "ಮೌನೇಶ," ಅಂದಳು.

ಒಂದೇ ಮಾತು. ಸತ್ತವನು ಎದ್ದು ಬಂದು ಇಲ್ಲ ಅನ್ನುತ್ತಾನೆಯೇ?

ಕೇರಿಗೆ ಕೇರಿಯೇ ನಾಲಿಗೆ ಮಸೆಯಿತು. "ತಾನು ಸಾಯೋದಲ್ಲದೆ ಪಕ್ಕದ ಮನೆ ಹುಡುಗೀನೂ ಸಾಯಿಸ್ತಿದ್ದನಲ್ಲ, ಪಾಪಿ."

ತಾಯಿ ಕಾಳಮ್ಮ ಮಗನ ಫೋಟೋಗೆ ಹಾರ ಹಾಕಲಿಲ್ಲ, ಗೋಡೆ ಕಡೆಗೆ ತಿರುಗಿಸಿಟ್ಟಳು. ತುಳಸಿ ಕಣ್ಣಿಗೆ ಬಿದ್ದರೆ ಪಟ್ಟಿ ಕಟ್ಟಿದ ಅವಳ ಕೈ ಸವರುತ್ತಿದ್ದಳು. "ನಮ್ಮನೆ ಶನಿ ನಿನ್ನ ಕೈ ಮುರಿದು ಹೋದನಲ್ಲೇ ತಾಯಿ. ಅವನಿಗೆ ಎಲ್ಲೂ ಒಳ್ಳೇದಾಗಲ್ಲ."

ತುಳಸಿ ಮುರಿದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಆದರೂ ಬಾಯಿ ಬಿಡಲಿಲ್ಲ. ನಿಜ ಹೇಳಿದರೆ ಆ ಕಾರು ಇನ್ನು ಈ ಜನ್ಮಕ್ಕೆ ತನ್ನ ಕೈಗೆ ಸಿಗುವುದಿಲ್ಲ ಅನ್ನುವುದು ಅವಳಿಗೆ ಗೊತ್ತಿತ್ತು. ನೋಡಿ, ಹೆಣದ ಪಕ್ಕದಲ್ಲೂ ಆಸೆ ಎಂಥದ್ದು!

ಹನ್ನೊಂದನೆಯ ದಿನ ಕಳೆದ ಮೇಲೆ ಆಚಾರಿ ಸುತ್ತಿಗೆ ಹಿಡಿದ. ಮಗನನ್ನು ತಿಂದ ಕಾರನ್ನು ಗುಜರಿಗೆ ಹಾಕುವುದು ಬಿಟ್ಟು ನೆಟ್ಟಗೆ ಮಾಡಲು ಕೂತ. ತಲೆ ಕೆಟ್ಟಿದೆ ಅಂದರು ಜನ.

ಕೈಕಟ್ಟು ಬಿಚ್ಚಿದ ದಿನವೇ ತುಳಸಿ ಶೆಡ್ಡಿಗೆ ಬಂದಳು.

"ಆಚಾರ್ರೇ, ಇದು ಮತ್ತೆ ಓಡುತ್ತಾ?"

"ಓಡುತ್ತೆ."

"ಯಾರು ಓಡಿಸೋದು?"

ಆಚಾರಿ ತಗಡು ಬಡಿಯುವುದನ್ನು ನಿಲ್ಲಿಸಿದ. "ತಿರುವಿನಲ್ಲಿ ಕಾಲು ತೆಗೆದದ್ದು ಯಾರು?"

"ಅವನೇ."

"ಆ ಸ್ಪ್ಯಾನರ್ ಕೊಡು."

ಅವಳು ದಿನವೂ ಬಂದಳು. ಬೋಲ್ಟು ಉಜ್ಜಿದಳು, ತುಕ್ಕು ಕೆರೆದಳು. ದಿನವೂ ಆಚಾರಿ ಅದೊಂದನ್ನೇ ಕೇಳಿದ. ಅವಳು "ಅವನೇ" ಅಂದಳು. ಮಗ ಹೋದ ಮೇಲೆ ಮುದುಕನೂ ಹುಡುಗಿಯೂ ಶೆಡ್ಡಿನಲ್ಲಿ ಏನು ಮಾಡುತ್ತಾರೆ ಅಂತ ಕೇರಿಯಲ್ಲಿ ಗುಸುಗುಸು ಎದ್ದಿತು. ಕಾಳಮ್ಮನ ಕಿವಿಗೂ ಬಿತ್ತು. ಅವಳು ಅದಕ್ಕೂ ಮಗನನ್ನೇ ಬೈದಳು.

ಒಂದು ದಿನ ತುಳಸಿಗೆ ರೇಗಿತು. "ದಿನಾ ಅದನ್ನೇ ಕೇಳ್ತೀರಲ್ಲ ಆಚಾರ್ರೇ!"

"ದಿನಾ ಅದನ್ನೇ ಹೇಳ್ತೀಯಲ್ಲ."

ಮೂರು ತಿಂಗಳಿಗೆ ಕಾರು ಕಾರಾಯಿತು. ಬಾಗಿಲು ಕೂತವು, ಬಣ್ಣ ಹತ್ತಿತು, ಎಂಜಿನ್ನು ಕೂಗಿತು. ತುಳಸಿಯ ಕಣ್ಣು ಹೊಳೆಯಿತು.

ಆಚಾರಿ ಬಾಗಿಲು ತೆಗೆದ. "ಕೂತ್ಕೋ."

ಕೂತಳು. ಬೆನ್ನು ಸೀಟಿಗೆ ಸರಿಯಾಗಿ ಒರಗಿತು. ಪಾದ ಎಕ್ಸಲೇಟರಿನ ಮೇಲೆ ತಾನಾಗಿ ಕೂತಿತು, ಹೊಲಿದ ರವಿಕೆ ಮೈಗೆ ಕೂತ ಹಾಗೆ.

"ಇದೊಂದನ್ನ ಮಾತ್ರ ನಾನು ಮುಟ್ಟಿಲ್ಲ," ಅಂದ ಆಚಾರಿ. "ಸೀಟು ಹಿಂದಕ್ಕೆ ಸರಿಸು ನೋಡೋಣ."

ಎಳೆದಳು. ಜಗ್ಗಿದಳು. ಸೀಟು ಕದಲಲಿಲ್ಲ.

"ಬಂಡೆಗೆ ಬಡಿದಾಗ ಸೀಟು ಸರಿಯೋ ಹಳಿ ಸೊಟ್ಟಗಾಗಿ ಅಲ್ಲೇ ಕಚ್ಕೊಂಡಿದೆ."

ಮೌನೇಶ ಆರಡಿ ಆಳು. ತುಳಸಿ ಐದಡಿಗೂ ಕಮ್ಮಿ. ಆ ಸೀಟಿನಲ್ಲಿ ಅವನು ಕೂತಿದ್ದರೆ ಮಂಡಿ ಗದ್ದಕ್ಕೆ ಬಡಿಯುತ್ತಿತ್ತು.

ತುಳಸಿ ಸ್ಟೇರಿಂಗಿನಿಂದ ಕೈ ತೆಗೆದಳು.

"ನಾನೇ. ಅವನು ಕಾಲು ತೆಗೀಬೇಡ, ತೆಗೀಬೇಡ ಅಂದ. ನಾನು ಹೆದರಿಬಿಟ್ಟೆ."

"ಗೊತ್ತು."

"ಯಾವತ್ತಿಂದ?"

"ಕಾರನ್ನ ಎಳ್ಕೊಂಡು ಬಂದ ದಿನದಿಂದ."

ಒಳಗೆ ಕಾಳಮ್ಮ ಪಾತ್ರೆ ಕುಕ್ಕುವ ಸದ್ದು. ಅದರ ಜೊತೆಗೆ ಬೈಗುಳ. ಸತ್ತವನಿಗೇ.

"ಮತ್ತೆ ಅವನ ಅಮ್ಮನಿಗೆ ಯಾಕೆ ಹೇಳಲಿಲ್ಲ ಆಚಾರ್ರೇ? ಮೂರು ತಿಂಗಳು ಕೇಳಿಸ್ಕೊಂಡು ಹೇಗೆ ಸುಮ್ಮನಿದ್ರಿ?"

ಆಗ ಆಚಾರಿ ಬಗ್ಗಿ, ಅವಳ ಮುಖಕ್ಕೇ ಹೇಳಿದ:

"ನಾನು ಹೇಳಿದ್ರೆ ಅವನನ್ನ ಬಿಟ್ಟು ನಿನ್ನನ್ನ ಬಯ್ಯೋಳು, ಅಷ್ಟೇ. ಏಳು, ಒಳಗೆ ಹೋಗಿ ನೀನೇ ಹೇಳು. ಅವಳು ಇನ್ನೂ ಮಗನಿಗೋಸ್ಕರ ಅತ್ತಿಲ್ಲ."