ಕುಡಿಯದೆ ಕೆಳಗಿಟ್ಟ ಬಟ್ಟಲು

"ಗುರುಗಳೇ, ನ್ಯಾಯ ನಮ್ಮ ಕಡೆಗಿದೆ, ಬಲವೂ ಇದೆ. ಹಾಗಿದ್ದ ಮೇಲೆ ಆ ಮಠದ ಬಾಗಿಲಿಗೆ ಹೋಗಿ ನಾನೇಕೆ ಬೇಡಬೇಕು? ನಾಲ್ಕು ಆಳು ಕಳಿಸಿದರೆ ತೂಬು ತಾನಾಗಿ ತೆರೆಯುತ್ತದೆ" ಎಂದು ಮರುಳಯ್ಯ ಕೇಳಿದ.

ನೆರೆಯ ಮಠದವರು ಕೆರೆಯ ತೂಬು ಮುಚ್ಚಿದ್ದರು. ಹೋಗಿ ಮಾತಾಡಿ ಬಾ ಎಂದು ಗುರುಗಳು ಬೆಳಿಗ್ಗೆಯೇ ಹೇಳಿದ್ದರು. ಮರುಳಯ್ಯ ಇನ್ನೂ ಜಗಲಿ ಇಳಿದಿರಲಿಲ್ಲ.

"ಕೂತುಕೋ" ಎಂದು ಗುರುಗಳು ಕತೆ ಹೇಳಿದರು.

ಬ್ರಿಟಿಷ್ ಸರಕಾರದಲ್ಲಿ ಒಬ್ಬ ರಾಯಭಾರಿಯಿದ್ದ. ಮೀಸೆ ಮೂಡುವ ವಯಸ್ಸಿಗೇ ಕಡಲು ದಾಟಿದವನು. ಯಾವ ದೇಶಕ್ಕೆ ಕಳಿಸಿದರೂ ಅವನು ಮೊದಲು ಕೇಳುತ್ತಿದ್ದದ್ದು ಒಂದೇ: ಇಲ್ಲಿ ಮನೆಗೆ ಬಂದವರನ್ನು ಹೇಗೆ ಕೂರಿಸುತ್ತಾರೆ, ಏನು ಕೊಡುತ್ತಾರೆ? ಅರಮನೆಗಿಂತ ಮೊದಲು ಸಂತೆಗೆ ಹೋಗುತ್ತಿದ್ದ. ಜೊತೆಯ ಅಧಿಕಾರಿಗಳು 'ಅಡುಗೆಮನೆಯ ರಾಯಭಾರಿ' ಎಂದು ಆಡಿಕೊಳ್ಳುತ್ತಿದ್ದರು. ಅವನು ಅದನ್ನು ಬಿರುದಿನಂತೆ ಇಟ್ಟುಕೊಂಡ.

ಹೀಗಿರುವಾಗ ಮರಳುನಾಡಿನ ಒಂದು ರೇವಿನಲ್ಲಿ ಬ್ರಿಟಿಷರ ವ್ಯಾಪಾರದ ಹಡಗು ಮೀನುಗಾರರ ದೋಣಿಗೆ ಬಡಿಯಿತು. ದೋಣಿಯವರು ಮುಳುಗಿ ಸತ್ತರು. ಆ ಊರಿನ ಒಡೆಯ ಹಡಗಿನ ನಾವಿಕರನ್ನು ಹಿಡಿದಿಟ್ಟ. ಬಿಡಿಸಿಕೊಂಡು ಬರಲು ಸರಕಾರ ದೊಡ್ಡ ಅಧಿಕಾರಿಯೊಬ್ಬನನ್ನು ಕಳಿಸಿತು. ಆತ ಬಹಳ ಮರ್ಯಾದಸ್ಥ. ಕೊಟ್ಟ ಕಾಫಿಯನ್ನು ಪೂರ್ತಿ ಕುಡಿದು, ತುಂಬ ಚೆನ್ನಾಗಿದೆ ಎಂದು ಹೊಗಳಿ, ಆಮೇಲೆ ಮಾತು ತೆಗೆದ. ಒಡೆಯ ತುಟಿ ಬಿಚ್ಚದೆ ಎದ್ದುಹೋದ. ಅಧಿಕಾರಿಗೆ ಅದು ಅವಮಾನವಾಗಿ ಕಂಡಿತು. ಕೆಲವೇ ದಿನಗಳಲ್ಲಿ ರೇವಿನ ಮುಂದೆ ಯುದ್ಧದ ಹಡಗು ಬಂದು ನಿಂತಿತು. ನಮ್ಮ ರಾಯಭಾರಿಗೆ ಅಪ್ಪಣೆಯಾಯಿತು: ನಿಂತುಕೊಂಡೇ ಎಚ್ಚರಿಕೆ ಕೊಟ್ಟು ಬಾ; ಸಂಜೆಯೊಳಗೆ ನಾವಿಕರು ಬರದಿದ್ದರೆ ಊರನ್ನು ಸುಡುತ್ತೇವೆ.

ರಾಯಭಾರಿ ಹಡಗಿನ ಕ್ಯಾಪ್ಟನ್ನನ್ನು ಕರೆದುಕೊಂಡು ಒಡೆಯನ ಚಾವಡಿಗೆ ಹೋದ. ನಿಲ್ಲಲಿಲ್ಲ, ಚಾಪೆಯ ಮೇಲೆ ಕೂತ. ಕಾಫಿ ಬಂತು. ಬಟ್ಟಲನ್ನು ತುಟಿಗೆ ತಾಗಿಸದೆ ನೆಲದ ಮೇಲಿಟ್ಟ. ಚಾವಡಿಯಲ್ಲಿದ್ದವರೆಲ್ಲ ಆ ಬಟ್ಟಲಿನ ಕಡೆಗೆ ತಿರುಗಿದರು. ಆ ನಾಡಿನಲ್ಲಿ ಅತಿಥಿ ಹಾಗೆ ಬಟ್ಟಲು ಕೆಳಗಿಟ್ಟರೆ ಅವನಿಗೊಂದು ಬೇಡಿಕೆಯಿದೆ ಎಂದರ್ಥ. ಅದನ್ನು ಕೇಳದೆ ಕಳಿಸಿದ ಮನೆಗೆ ಮಾನವಿಲ್ಲ. ಕುಡಿದು ಮುಗಿಸಿದ ಮೇಲೆ ದೊರೆಯೇ ಬೇಡಿದರೂ ಅದು ಬರಿಯ ಹರಟೆ.

"ಫಿರಂಗಿ ತಂದವನು ಬೇಡುವುದೇಕೆ?" ಎಂದ ಒಡೆಯ.

"ಫಿರಂಗಿಗೆ ಕ್ಷಮೆ ಕೇಳಲು ಬರುವುದಿಲ್ಲ. ನಿನ್ನ ದೋಣಿಯವರು ಸತ್ತದ್ದು ನಮ್ಮ ತಪ್ಪಿನಿಂದ. ಅವರ ಮನೆಮನೆಗೂ ನಾನೇ ಹೋಗಿ ಹೇಳುತ್ತೇನೆ. ನಮ್ಮವರನ್ನು ಬಿಟ್ಟುಬಿಡು."

ಒಡೆಯ ನೆಲದ ಮೇಲಿದ್ದ ಬಟ್ಟಲನ್ನೆತ್ತಿ ಅವನ ಕೈಗಿತ್ತ. "ಕುಡಿಯಪ್ಪ, ಆರಿಹೋಗುತ್ತದೆ. ನಿನ್ನವರು ನಿನ್ನ ಜೊತೆಗೇ ಬರುತ್ತಾರೆ" ಎಂದ.

ಹೊರಗೆ ಬಂದದ್ದೇ ಕ್ಯಾಪ್ಟನ್ ಕಿಡಿಕಾರಿದ. "ಒಂದು ಬಟ್ಟಲು ಕಾಫಿಗೆ ಸಾಮ್ರಾಜ್ಯದ ಮಾನವನ್ನೇ ಮಾರಿಬಿಟ್ಟಿರಲ್ಲ ಸ್ವಾಮಿ!"

"ಇಷ್ಟಕ್ಕೇ ಹೋಗುವ ಮಾನವಾದರೆ, ಕ್ಯಾಪ್ಟನ್, ಅದು ನಿನ್ನೆಯೂ ಇರಲಿಲ್ಲ" ಎಂದ ರಾಯಭಾರಿ. ತಲೆಯೆತ್ತಿಕೊಂಡೇ ಸತ್ತವರ ಕೇರಿಯ ಕಡೆಗೆ ನಡೆದ. ಅಲ್ಲಿ ಪ್ರತಿ ಹೊಸ್ತಿಲಲ್ಲೂ ತಲೆ ತಗ್ಗಿಸಿದ.

ಅಪ್ಪಣೆ ಮೀರಿದವನಿಗೆ ಬಿರುದೆಲ್ಲಿಂದ ಬರಬೇಕು? ಸರಕಾರ ಅವನನ್ನು ಯಾರಿಗೂ ಬೇಡದ ಚಳಿಯ ದ್ವೀಪಗಳಿಗೆ ಅಟ್ಟಿತು. ಅಲ್ಲಿಯೂ ಬಲೆಯ ಜಗಳ, ಗಡಿಯ ಜಗಳ ಬಿಡಿಸುತ್ತ ಮುದುಕನಾದ. ಹುಟ್ಟೂರಿಗೆ ಮರಳಿದಾಗ ಕೋಟಿನ ಮೇಲೆ ಒಂದು ಪದಕವೂ ಇರಲಿಲ್ಲ. ಆದರೂ ಅವನ ನಡಿಗೆ ರಾಜನದು ಎಂದು ಊರವರು ನಗುತ್ತಿದ್ದರು.

ಕತೆ ನಿಂತಿತು. ಮರುಳಯ್ಯನಿಗೆ ಸಮಾಧಾನವಾಗಲಿಲ್ಲ. "ಬಿರುದಿಲ್ಲ, ಪದಕವಿಲ್ಲ. ಅವನಿಗೆ ಅಷ್ಟೊಂದು ಹೆಮ್ಮೆ ಯಾವುದರದು ಗುರುಗಳೇ?"

"ಆ ಸಂಜೆ ಆ ಊರಿನಲ್ಲಿ ಹೊತ್ತಿಕೊಂಡದ್ದು ಒಲೆಗಳು ಮಾತ್ರ, ಮರುಳಯ್ಯ."

ಮರುಳಯ್ಯ ಎದ್ದು ಜಗಲಿ ಇಳಿದು, ನೆರೆಯ ಮಠದ ಕಡೆಗೆ ನಡೆದ.