ನೆನಪಿಲ್ಲ ಎಂದ ಸಾಕ್ಷಿ

"ಗುರುಗಳೇ, ತಾಲ್ಲೂಕಿನ ಕೋರ್ಟಿನಲ್ಲಿ ತಪ್ಪಾದರೆ ಜಿಲ್ಲೆಯ ಕೋರ್ಟು ತಿದ್ದುತ್ತದೆ. ಅಲ್ಲಿಯೂ ತಪ್ಪಾದರೆ ಹೈಕೋರ್ಟು ಇದೆ. ಇಷ್ಟು ಮೆಟ್ಟಿಲುಗಳಿರುವಾಗ ನಿಜ ಎಲ್ಲಾದರೂ ಒಂದು ಕಡೆ ಗೆಲ್ಲಲೇಬೇಕಲ್ಲವೇ?"

ಕೇಳಿದವನು ರೇವಯ್ಯ. ಮಠಕ್ಕೆ ಬರುವ ಮೊದಲು ಎರಡು ವರ್ಷ ಕಾನೂನು ಓದಿದವನು. ಗುರುಗಳು, "ಕೂತುಕೋ," ಎಂದರು. ಆಮೇಲೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಕುಂಬಾರನಿದ್ದ. ಅವನ ಮನೆಗೂ ಊರ ಕೆರೆಗೂ ನಡುವೆ ಒಬ್ಬ ಜವಳಿ ವ್ಯಾಪಾರಿಯ ಹಿತ್ತಲು. ಹಿತ್ತಲಿನ ಅಂಚಿನಲ್ಲಿ ಒಂದು ಕಾಲುದಾರಿ. ಕುಂಬಾರನ ತಂದೆ ಕೆರೆಯ ಜೇಡಿಮಣ್ಣನ್ನು ಕತ್ತೆಯ ಮೇಲೆ ಹೇರಿಕೊಂಡು ಆ ದಾರಿಯಲ್ಲೇ ತರುತ್ತಿದ್ದ. ಅವನ ನಂತರ ಮಗನೂ ಹಾಗೆಯೇ ತಂದ. ವ್ಯಾಪಾರಿಯ ತಂದೆ ಬದುಕಿರುವವರೆಗೆ ಯಾರೂ ತಡೆಯಲಿಲ್ಲ.

ಅವನು ತೀರಿಕೊಂಡ ಮೇಲೆ ಮಗ ಹಿತ್ತಲಿನಲ್ಲಿ ಗೋದಾಮು ಕಟ್ಟಲು ಹೊರಟ. ದಾರಿಗೆ ಅಡ್ಡವಾಗಿ ಗೋಡೆ ಎದ್ದಿತು. ಕುಂಬಾರ ಹೋಗಿ ಕೇಳಿದ. "ನಮ್ಮಪ್ಪ ಪಾಪ ಅಂತ ಬಿಟ್ಟಿದ್ದರು. ನಾನು ಬಿಡುವುದಿಲ್ಲ," ಎಂದ ವ್ಯಾಪಾರಿ.

ಅದು ನಿಜವಲ್ಲ. ವ್ಯಾಪಾರಿಯ ತಂದೆಗೆ ಬಾವಿ ತೋಡಿಸಲು ಜಾಗ ಸಾಲದೆ ಬಂದಾಗ ಕುಂಬಾರನ ತಂದೆ ತನ್ನ ಅಂಗಳದ ಒಂದು ಮೂಲೆಯನ್ನು ಬಿಟ್ಟುಕೊಟ್ಟಿದ್ದ. ಅದಕ್ಕೆ ಪ್ರತಿಯಾಗಿ ಆ ಹಿರಿಯ, "ಈ ದಾರಿ ಇನ್ನು ನಿನ್ನದು, ನಿನ್ನ ಮಕ್ಕಳದೂ," ಎಂದಿದ್ದ. ಕಾಗದ ಆಗಲಿಲ್ಲ. ಆ ಕಾಲದಲ್ಲಿ ನೆರೆಹೊರೆಯವರು ಕಾಗದ ಕೇಳುತ್ತಿರಲಿಲ್ಲ. ಆ ಮಾತು ನಡೆದಾಗ ಅಲ್ಲಿದ್ದವರು ಮೂವರು. ಹಿರಿಯರಿಬ್ಬರೂ ಈಗ ಇಲ್ಲ. ಮೂರನೆಯವನು ಒಬ್ಬ ಅಕ್ಕಸಾಲಿಗ. ಅವನು ವ್ಯಾಪಾರಿಯ ಗೆಳೆಯ. ಇಬ್ಬರೂ ಓರಗೆಯವರು, ದಿನವೂ ಸಂಜೆ ಒಂದೇ ಜಗಲಿಯ ಮೇಲೆ ಕೂರುವವರು.

ಕುಂಬಾರ ತಾಲ್ಲೂಕಿನ ಕೋರ್ಟಿನಲ್ಲಿ ದಾವೆ ಹೂಡಿದ. ಅವನ ವಕೀಲ ಹೇಳಿದ: "ದಯೆಯಿಂದ ಬಿಟ್ಟ ದಾರಿಯಾದರೆ ಮುಚ್ಚಬಹುದು. ಹಕ್ಕೆಂದು ಕೊಟ್ಟದ್ದಾದರೆ ಮುಚ್ಚುವ ಹಾಗಿಲ್ಲ. ಯಾವುದು ಎಂದು ಹೇಳಬಲ್ಲವನು ಆ ಅಕ್ಕಸಾಲಿಗ ಒಬ್ಬನೇ."

ಅಕ್ಕಸಾಲಿಗನಿಗೆ ಕೋರ್ಟಿನಿಂದ ಕರೆ ಬಂತು. ಅಂದು ಸಂಜೆ ವ್ಯಾಪಾರಿ ಅವನನ್ನು ಪಕ್ಕಕ್ಕೆ ಕರೆದು ಹೇಳಿದ: "ನೀನು ನನಗಾಗಿ ಸುಳ್ಳು ಹೇಳುವುದು ಬೇಡ. ನೆನಪಿಲ್ಲ ಅನ್ನು, ಸಾಕು. ಇದೇನು ಕೊನೆಯ ಕೋರ್ಟೇ? ಮೇಲೆ ಜಿಲ್ಲೆಯದಿದೆ, ಅದರ ಮೇಲೆ ಹೈಕೋರ್ಟಿದೆ. ಅಲ್ಲಿ ಕೂತವರು ನಮಗಿಂತ ತಿಳಿದವರು. ಅವನ ಕಡೆ ನ್ಯಾಯವಿದ್ದರೆ ಅವರು ಕಂಡುಹಿಡಿಯುತ್ತಾರೆ. ನಾವಿಬ್ಬರೂ ಏಕೆ ಕೆಡಬೇಕು?"

ಅಕ್ಕಸಾಲಿಗ ಕೆಟ್ಟವನಲ್ಲ. ಯಾರ ಚಿನ್ನಕ್ಕೂ ಒಂದು ಗುಂಜಿ ಮೋಸ ಮಾಡಿದವನಲ್ಲ. ಆದರೆ ಈ ಮಾತು ಅವನಿಗೆ ಹಿತವಾಗಿ ಕೇಳಿಸಿತು. ಸ್ನೇಹವೂ ಉಳಿಯುತ್ತದೆ, ಸುಳ್ಳಾಡಿದ ಪಾಪವೂ ಅಂಟುವುದಿಲ್ಲ, ಕುಂಬಾರನಿಗೆ ನ್ಯಾಯ ಮೇಲೆ ಹೇಗೂ ಸಿಗುತ್ತದೆ ಎಂದುಕೊಂಡ.

ತಾಲ್ಲೂಕಿನ ಕೋರ್ಟು ಹಳೆಯ ಹೆಂಚಿನ ಕಟ್ಟಡ. ನ್ಯಾಯಾಧೀಶ ಚಿಕ್ಕ ವಯಸ್ಸಿನವನು. ಅಕ್ಕಸಾಲಿಗ ಸಾಕ್ಷಿಕಟ್ಟೆ ಹತ್ತಿ ಪ್ರಮಾಣ ಮಾಡಿದ. ದಾರಿಯ ಬಗ್ಗೆ ಹಿರಿಯರು ಆಡಿದ ಮಾತೇನು ಎಂದು ಕುಂಬಾರನ ವಕೀಲ ಕೇಳಿದ.

"ನೆನಪಿಲ್ಲ."

ನ್ಯಾಯಾಧೀಶ ಅದನ್ನು ಕೂಡಲೇ ಬರೆಯಲಿಲ್ಲ. ಲೇಖನಿ ಕೆಳಗಿಟ್ಟು ಸಾಕ್ಷಿಯ ಮುಖವನ್ನೇ ನೋಡಿದ. "ಅವಸರವಿಲ್ಲ. ಯೋಚನೆ ಮಾಡಿ ಹೇಳಿ. ನಾನು ಕಾಯುತ್ತೇನೆ," ಎಂದ.

ಕುಂಬಾರ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ. ಅಕ್ಕಸಾಲಿಗ ಅವನತ್ತ ನೋಡಲಿಲ್ಲ. ನ್ಯಾಯಾಧೀಶ ನಿಜವಾಗಿಯೂ ಕಾದ. ಕೊನೆಗೆ ಅಕ್ಕಸಾಲಿಗ, "ತುಂಬಾ ಹಳೆಯ ಮಾತು ಸ್ವಾಮಿ. ನೆನಪಿಲ್ಲ," ಎಂದ. ನ್ಯಾಯಾಧೀಶ ಲೇಖನಿ ಎತ್ತಿಕೊಂಡು ಅದನ್ನು ಬರೆದುಕೊಂಡ.

ಹಕ್ಕೆಂದು ಹೇಳಲು ಆಧಾರ ಉಳಿಯಲಿಲ್ಲ. ಕುಂಬಾರ ಸೋತ.

ಅಂದಿನಿಂದ ಮಣ್ಣು ತರಲು ಗುಡ್ಡ ಸುತ್ತಿ ಬರಬೇಕಾಯಿತು. ಕತ್ತೆಗೆ ಆ ಏರು ಆಗಲಿಲ್ಲ. ಅದು ಕಾಲು ಮುರಿದುಕೊಂಡ ಮೇಲೆ ಕುಂಬಾರನ ಹೆಂಡತಿ ತಲೆಯ ಮೇಲೆ ಬುಟ್ಟಿ ಹೊತ್ತಳು. ಅವಳು ಬರುವ ಹೊಸ ದಾರಿ ಅಕ್ಕಸಾಲಿಗನ ಅಂಗಡಿಯ ಮುಂದೆಯೇ ಹಾದುಹೋಗುತ್ತಿತ್ತು. ದಿನಕ್ಕೆ ನಾಲ್ಕು ಸಲ ಅವಳು ಹಾದುಹೋಗುತ್ತಿದ್ದಳು. ಒಮ್ಮೆಯೂ ಅವನತ್ತ ತಿರುಗಿ ನೋಡಲಿಲ್ಲ. ಕತ್ತು ತಿರುಗಿಸಿದರೆ ಬುಟ್ಟಿ ಬೀಳುತ್ತಿತ್ತು, ಅಷ್ಟೇ. ಆದರೆ ಅವನಿಗೆ ಹಾಗನ್ನಿಸಲಿಲ್ಲ.

ಒಂದು ಮಳೆಗಾಲ ಅವನು ತಡೆದುಕೊಂಡ. ಆಮೇಲೆ ಒಂದು ಬೆಳಿಗ್ಗೆ ಕುಂಬಾರನ ಮನೆಗೆ ಹೋಗಿ ಅಂಗಳದಲ್ಲಿ ನಿಂತು, "ನನಗೆ ಎಲ್ಲ ನೆನಪಿದೆ. ನಿನ್ನದೇ ಹಕ್ಕು. ಅವರು ಆಡಿದ ಮಾತನ್ನು ಹಾಗೆಯೇ ಹೇಳಬಲ್ಲೆ," ಎಂದ.

ಕುಂಬಾರ ಚಕ್ರದಿಂದ ಕೈ ತೆಗೆಯಲಿಲ್ಲ. "ನನಗೆ ಹೇಳಿ ಏನು ಪ್ರಯೋಜನ?" ಎಂದ. "ನನಗೆ ಗೊತ್ತಿದ್ದದ್ದೇ ಅಲ್ಲವೇ?"

ಅಷ್ಟರಲ್ಲಿ ಕುಂಬಾರನ ಮೇಲ್ಮನವಿ ಜಿಲ್ಲೆಯ ಕೋರ್ಟಿಗೆ ಹೋಗಿತ್ತು. ಅಕ್ಕಸಾಲಿಗ ತಾನೇ ವಕೀಲನನ್ನು ಕಂಡು, ನಡೆದದ್ದನ್ನೆಲ್ಲ ಬರೆಸಿ, ಸಹಿ ಹಾಕಿದ. ವಿಚಾರಣೆ ಬರಲು ನಾಲ್ಕು ವರ್ಷವಾಯಿತು. ಅಂದು ಅವನು ಎಲ್ಲರಿಗಿಂತ ಮೊದಲು ಹೋಗಿ ಕೂತ. ಜಿಲ್ಲಾ ನ್ಯಾಯಾಧೀಶ ವಯಸ್ಸಾದವನು, ಸಮಾಧಾನದವನು. ಕೆಳಗಿನ ಕೋರ್ಟಿನಿಂದ ಬಂದ ಕಡತವನ್ನು ಪುಟಪುಟವಾಗಿ ಓದಿದ್ದ.

"ಆಗ ನಿನ್ನನ್ನು ಕೇಳಿದ್ದರು. ಎರಡು ಸಲ ಕೇಳಿದ್ದರು. ನೆನಪಿಲ್ಲ ಎಂದಿದ್ದೀಯೆ," ಎಂದ ಆತ. "ಕೇಳಿದಾಗ ಹೇಳದೆ ತೀರ್ಪು ಬಂದ ಮೇಲೆ ಹೇಳಿದರೆ ನಾನು ಯಾವುದನ್ನು ನಂಬಲಿ?"

"ಈಗ ಹೇಳುವುದೇ ನಿಜ ಸ್ವಾಮಿ."

"ಇರಬಹುದು. ಆದರೆ ಸೋತವರೆಲ್ಲ ಸೋತ ಮೇಲೆ ಹೊಸ ಮಾತು ತಂದರೆ ಯಾವ ವ್ಯಾಜ್ಯವೂ ಮುಗಿಯುವುದಿಲ್ಲ. ಇಲ್ಲಿ ನಾನು ನೋಡುವುದು ಅಲ್ಲಿ ಬರೆದದ್ದನ್ನು."

ಮೇಲ್ಮನವಿ ವಜಾ ಆಯಿತು.

ಹೈಕೋರ್ಟು ಬೇಡ ಎಂದ ಕುಂಬಾರ. ಹೆಂಡತಿಗೆ ಆಗಲೇ ಕುತ್ತಿಗೆಯ ನೋವು ಹಿಡಿದು ಬುಟ್ಟಿ ಹೊರಲು ಆಗುತ್ತಿರಲಿಲ್ಲ. ಅಕ್ಕಸಾಲಿಗ ಬಿಡಲಿಲ್ಲ. "ಅಲ್ಲಿ ತಿಳಿದವರಿದ್ದಾರೆ. ನನ್ನ ಮುಖ ನೋಡಿದರೆ ಅವರಿಗೆ ತಿಳಿಯುತ್ತದೆ," ಎಂದ. ಅದಕ್ಕೂ ವರ್ಷಗಳು ಹಿಡಿದವು. ಕರೆ ಬಂದಾಗ ಇಬ್ಬರೂ ಒಂದೇ ಬಸ್ಸಿನಲ್ಲಿ ರಾಜಧಾನಿಗೆ ಹೋದರು.

ಹೈಕೋರ್ಟಿನ ಆ ಕೋಣೆ ದೊಡ್ಡದು. ಅಕ್ಕಸಾಲಿಗ ಒಳಗೆ ಹೋಗಿ ಆಚೆ ಈಚೆ ನೋಡಿದ. ವಕೀಲನ ಕೋಟು ಹಿಡಿದು ಪಿಸುಮಾತಿನಲ್ಲಿ, "ನಾನು ಎಲ್ಲಿ ನಿಲ್ಲಬೇಕು?" ಎಂದು ಕೇಳಿದ.

ಅಲ್ಲಿ ಸಾಕ್ಷಿಕಟ್ಟೆಯೇ ಇರಲಿಲ್ಲ.

"ನೀವು ಹಿಂದೆ ಕೂತುಕೊಳ್ಳಿ," ಎಂದ ವಕೀಲ.

ನ್ಯಾಯಮೂರ್ತಿ ವಕೀಲನ ಮಾತನ್ನು ಕೇಳಿದರು. ದಾರಿ ದಯೆಯದೋ ಹಕ್ಕಿನದೋ ಎಂಬುದನ್ನು ಕೆಳಗಿನ ಎರಡು ಕೋರ್ಟುಗಳು ತೀರ್ಮಾನಿಸಿವೆ, ಅದನ್ನು ಮತ್ತೆ ಕೆದಕುವುದು ಈ ಕೋರ್ಟಿನ ಕೆಲಸವಲ್ಲ, ಕಾನೂನಿನ ಪ್ರಶ್ನೆ ಏನಾದರೂ ಇದ್ದರೆ ಹೇಳಿ ಎಂದರು. ಹೇಳಲು ಅಂಥದ್ದು ಏನೂ ಇರಲಿಲ್ಲ. ಒಂದು ಮಡಕೆ ತಟ್ಟುವಷ್ಟು ಹೊತ್ತಿನಲ್ಲಿ ಎಲ್ಲ ಮುಗಿಯಿತು. ಅಕ್ಕಸಾಲಿಗ ಎದ್ದು ನಿಂತ. ಅವನು ಮಾತನಾಡಲು ಎದ್ದದ್ದೆಂದು ಯಾರಿಗೂ ಗೊತ್ತಾಗಲಿಲ್ಲ. ಹೊರಗೆ ಹೋಗುತ್ತಿದ್ದಾನೆಂದುಕೊಂಡು ಒಬ್ಬರು ದಾರಿ ಬಿಟ್ಟರು.

ಹಿಂದಿರುಗುವಾಗ ಬಸ್ಸಿನಲ್ಲಿ ಕುಂಬಾರ ಬೈಯಲಿಲ್ಲ. ದಣಿದಿದ್ದ. ಸ್ವಲ್ಪ ದೂರ ಹೋಗುವಷ್ಟರಲ್ಲಿ ನಿದ್ದೆ ಬಂದು ಅಕ್ಕಸಾಲಿಗನ ಹೆಗಲ ಮೇಲೆ ತಲೆಯಿಟ್ಟ. ಊರು ಬರುವವರೆಗೆ ಅಕ್ಕಸಾಲಿಗ ಹೆಗಲು ಅಲುಗಿಸಲಿಲ್ಲ.

ಮರುದಿನ ಅವನು ವ್ಯಾಪಾರಿಯ ಬಳಿಗೆ ಹೋದ. ಆ ಜಗಲಿ ಹತ್ತಿ ಬಹಳ ವರ್ಷವಾಗಿತ್ತು. "ನೀನು ಗೆದ್ದಾಯಿತು. ಈಗ ನೀನಾಗಿಯೇ ಗೋಡೆ ಒಡೆಸು," ಎಂದು ಕೈಮುಗಿದ. "ನಡೆದದ್ದೇನೆಂದು ನಿನಗೂ ಗೊತ್ತು, ನನಗೂ ಗೊತ್ತು."

ವ್ಯಾಪಾರಿ ಸಿಟ್ಟಾಗಲಿಲ್ಲ. "ಮೊದಲು ನನಗೂ ಹಾಗೇ ಅನ್ನಿಸುತ್ತಿತ್ತು. ಮೂರು ಕೋರ್ಟು ಹೇಳಿದ ಮೇಲೆ ಈಗ ಇದೇ ನಿಜ ಅನ್ನಿಸುತ್ತದೆ," ಎಂದ. ಅದನ್ನು ಅವನು ಮನಸ್ಸಿನಿಂದಲೇ ಹೇಳಿದ.

ಕುಂಬಾರ ಚಕ್ರವನ್ನು ಯಾರಿಗೋ ಕೊಟ್ಟು, ಹೆಂಡತಿಯನ್ನು ಕರೆದುಕೊಂಡು ದೂರದ ಒಂದು ಹೆಂಚಿನ ಕಾರ್ಖಾನೆಗೆ ಕೆಲಸಕ್ಕೆ ಹೋದ. ಅವನ ಮನೆತನದಲ್ಲಿ ಮಡಕೆ ಮಾಡಿದವರಲ್ಲಿ ಅವನೇ ಕೊನೆಯವನು.

ಊರಿನಲ್ಲಿ ಅಕ್ಕಸಾಲಿಗನನ್ನು ಯಾರೂ ದೂರಲಿಲ್ಲ. ಪಾಪ, ಮುದಿಗಾಲದಲ್ಲಿ ಬಡವನಿಗಾಗಿ ಹೈಕೋರ್ಟಿನವರೆಗೂ ಅಲೆದ ಎಂದು ಹೊಗಳಿದವರೂ ಇದ್ದರು. ಆ ಮಾತು ಬಂದಾಗಲೆಲ್ಲ ಅವನು ಎದ್ದು ಹೋಗುತ್ತಿದ್ದ.

ಗುರುಗಳು ನಿಲ್ಲಿಸಿದರು.

ರೇವಯ್ಯ ಕೋರ್ಟುಗಳಲ್ಲಿ ಎಲ್ಲಿ ತಪ್ಪಾಯಿತೆಂದು ಹುಡುಕಿದ. ಒಬ್ಬ ಕೇಳಿ ಬರೆದ, ಒಬ್ಬ ಬರೆದದ್ದನ್ನು ಓದಿದ, ಒಬ್ಬರು ಕಾನೂನು ನೋಡಿದರು. ಪ್ರತಿಯೊಬ್ಬರೂ ತಮ್ಮ ಕೆಲಸ ಮಾಡಿದ್ದರು.

"ಕುಂಬಾರ ಸೋತ, ವ್ಯಾಪಾರಿ ಗೆದ್ದ," ಎಂದ ಅವನು. "ಆದರೆ ಗುರುಗಳೇ, ಆ ಅಕ್ಕಸಾಲಿಗನ ವಿಷಯದಲ್ಲಿ ಕೊನೆಗೆ ಏನು ತೀರ್ಮಾನವಾಯಿತು?"

"ಅವನ ಮೇಲೆ ಯಾರೂ ದಾವೆ ಹೂಡಲಿಲ್ಲವಪ್ಪ, ಹೂಡಿದ್ದರೆ ಇಷ್ಟು ಹೊತ್ತಿಗೆ ಅದಕ್ಕೂ ಒಂದು ಕೊನೆ ಇರುತ್ತಿತ್ತು."